ಎರಡು ಹಸಿರು

ಬೆರಳು ಒತ್ತು ಅಂದೆ. ಒತ್ತಿದಳು ಜಾನು ವೇಳೀಪ.
ಯಂತ್ರದ ಅಂಗೈಯಗಲದ ಗಾಜಿನಲ್ಲಿ ಒಂದು ಚಕ್ರ
ತಿರುಗಿತು, ತಿರುಗಿತು,
ಕಾಳು ಹಾಕದೆ ಬೀಸಿದ ಬೀಸುಕಲ್ಲಿನ ಹಾಗೆ.
ಇಲ್ಲಿ ಆಗೋದಿಲ್ಲ ಬಾಯಿ, ಕಲ್ಲಿಗೆ ಹೋಗೋಣ.

ಕುಂಬ್ರಾಳಿಯ ನೆತ್ತಿಯಲ್ಲಿದೆ ಆ ಕರಿಬಂಡೆ.
ಹಿಂದೆ ಅದಕ್ಕೆ ಬೇರೆ ಹೆಸರಿತ್ತಂತೆ, ಹುಲಿ ಕೂರುತ್ತಿತ್ತೋ ಏನೋ;
ಈಗ ಎಲ್ಲರ ಬಾಯಲ್ಲೂ ರೇಂಜಿನ ಕಲ್ಲು.
ಎಡಕ್ಕೆ ತುಸು ವಾಲಿ, ಕಡಲಿಗೆ ಬೆನ್ನು ಕೊಟ್ಟು,
ಕಿವಿಯ ಮಟ್ಟಕ್ಕೆ ಎತ್ತಿ ಹಿಡಿದರೆ ಎರಡು ಕಡ್ಡಿ.
ಮೋಡವಿದ್ದರೆ ಒಂದು.
ಕೆಲವು ಸಲ ಫೋನು ಗಡಿ ದಾಟಿ
ಗೋವಾಕ್ಕೆ ಸ್ವಾಗತ ಅನ್ನುತ್ತದೆ. ನಾವು ನಗುತ್ತೇವೆ.

ನಾನು ಅಂಚೆಯವಳು, ಹದಿನೇಳು ವರ್ಷದಿಂದ.
ಮೊದಲು ಪಿಂಚಣಿ ಚೀಲದಲ್ಲಿ ಬರುತ್ತಿತ್ತು,
ಈಗ ಗಾಳಿಯಲ್ಲಿ ಬರುತ್ತದೆ,
ಗಾಳಿಯನ್ನು ಹಿಡಿಯಲು ಎಪ್ಪತ್ತೆರಡರ ಮುದುಕಿ
ಗುಡ್ಡ ಹತ್ತಬೇಕು.
ಹತ್ತಿದ ಮೇಲೆ ಯಂತ್ರ ಅನ್ನುತ್ತದೆ: ಬೆರಳು ಹೊಂದುತ್ತಿಲ್ಲ.
ಹೇಗೆ ಹೊಂದೀತು? ಗೆಣಸು ಅಗೆದು, ಬಿದಿರು ಸೀಳಿ
ಅವಳ ಗೆರೆಗಳೆಲ್ಲ ಬುಟ್ಟಿಗಳಿಗೆ ಹೋಗಿವೆ.

ತಲೆಯ ಮೇಲೆ ಕದ್ರಾದಿಂದ ಹೊರಟ ತಂತಿಗಳು
ಗುಂಯ್ ಅನ್ನುತ್ತ ಎಲ್ಲಿಗೋ ಹೋಗುತ್ತವೆ.
ದೊಡ್ಡವೆಲ್ಲ ನಮ್ಮ ಮೇಲಿಂದಲೇ ಹಾಯುವುದು ರೂಢಿ.

ಹೋದ ವರ್ಷ ಕಾರವಾರದಿಂದ ಜೀಪು ಬಂತು.
ಸಾಹೇಬರು ನಕ್ಷೆ ತೋರಿಸಿದರು: ನಿಮ್ಮೂರು ಹಸಿರಲ್ಲಿದೆ ನೋಡಿ.
ಹಸಿರೆಂದರೆ ಸಿಗ್ನಲ್ ತಲುಪಿದೆ, ಟವರು ಬೇಕಿಲ್ಲ.
ಅದೇ ವಾರ ಫಾರೆಸ್ಟಿನವರೂ ನಕ್ಷೆ ಬಿಡಿಸಿದರು.
ಅದರಲ್ಲೂ ಹಸಿರೇ. ಹಸಿರೆಂದರೆ
ಕಂಬ ನೆಡುವಂತಿಲ್ಲ, ಚರಂಡಿ ತೋಡುವಂತಿಲ್ಲ.
ಬಂದಾಗಿದೆ ಅನ್ನುವ ಒಂದು ಹಸಿರು,
ಬರಕೂಡದು ಅನ್ನುವ ಇನ್ನೊಂದು,
ಎರಡರ ಅಡಿಯಲ್ಲಿ ಇಪ್ಪತ್ಮೂರು ಮನೆ.

ಕೇಬಲ್ಲಿಗೆಂದು ತಂದ ಕಿತ್ತಳೆ ಬಣ್ಣದ ಕೊಳವೆ
ಎರಡು ಮೈಲಿ ಆಚೆಗೇ ನಿಂತಿತ್ತು ಸುರುಳಿಯಾಗಿ.
ಹುಡುಗರು ಹೊತ್ತು ತಂದು ಒರತೆಗೆ ಜೋಡಿಸಿದರು.
ಬೆಳಕು ಓಡಬೇಕಿದ್ದಲ್ಲಿ ಈಗ ನೀರು ಓಡುತ್ತದೆ.
ಮಾರ್ಚಿಗೆ ಅದೂ ಇಲ್ಲ.

ಮೊನ್ನೆ ತೇಜಾ ಗಾವಡಾ ಓಡುತ್ತ ಬಂದಳು.
ಪಿಯುಸಿ ಹುಡುಗಿ, ಮಾತು ಜೋರು.
ಅಕ್ಕಾ, ದಿಲ್ಲಿಯವರು ಹೊಸ ನಿಯಮದ ಕರಡು ಮಾಡಿದ್ದಾರೆ,
ಜನರ ಅಭಿಪ್ರಾಯ ಕೇಳಿದ್ದಾರೆ,
ಇಪ್ಪತ್ತೊಂದು ದಿನ, ಆನ್‌ಲೈನಿನಲ್ಲಿ ಮಾತ್ರ.
ಮೂರು ಸಂಜೆ ಕಲ್ಲಿನ ಮೇಲೆ ಕೂತು ಇಳಿಸಿಕೊಂಡಳಂತೆ.
ನೂರಾ ನಲವತ್ತು ಪುಟದಲ್ಲಿ ಬಂದದ್ದು ಅರವತ್ತೊಂದು,
ಅದೂ ಇಂಗ್ಲಿಷು. ಬೆರಳಿಟ್ಟು ಓದಿ ಹೇಳಿದಳು,
ಕೊನೆಯ ಸಾಲು:
ಸೇವಾವಂಚಿತ ಪ್ರದೇಶ ಎಂದರೆ

ಅಷ್ಟೇ. ಅಲ್ಲಿಗೆ ರೇಂಜು ಹೋಯಿತು.

ಎಂದರೆ? ಅಂದಳು ಜಾನು, ಎಲೆಗೆ ಸುಣ್ಣ ಸವರುತ್ತ.
ಎಂದರೆ ಏನೆಂದು ಅವರಿಗೂ ಗೊತ್ತಿಲ್ಲವೋ ಏನೋ,
ಕೇಳಿದ್ದಾರಲ್ಲ, ಬರೆಯಿರಿ.

ಬರೆದೆವು. ಅಂಚೆ ಕಚೇರಿಯ ಹಳೆಯ ಫಾರಮಿನ ಹಿಂಬದಿಗೆ.
ಜಾನು ಹೇಳಿದ್ದರಲ್ಲಿ ಅರ್ಧ ಕೊಂಕಣಿಯ ಬೈಗುಳ,
ತೇಜಾ ಅದನ್ನು ಬಿಟ್ಟಳು; ನಾನು ಒಂದನ್ನು ಮಾತ್ರ
ಮತ್ತೆ ಸೇರಿಸಿದೆ, ಹದವಾದದ್ದು.
ಟವರಿಗಾಗಿ ಕಾಡು ಕಡಿಯಿರಿ ಅಂತ ನಾವು ಬರೆಯಲಿಲ್ಲ.
ಇದೊಂದು ಬರೆದೆವು:
ನಕ್ಷೆಗೆ ಬಣ್ಣ ಹಚ್ಚುವವರು
ಒಂದು ಸಲ ಇಲ್ಲಿಗೆ ಬಂದು
ಮನೆಯೊಳಗಿಂದಲೇ ಯಾರಿಗಾದರೂ ಫೋನು ಮಾಡಲಿ.

ಕೆಳಗೆ ಜಾನುವಿನ ಹೆಬ್ಬೆಟ್ಟು. ಮಸಿಯಲ್ಲಿ,
ಗೆರೆಯಿಲ್ಲದ ಒಂದು ನೀಲಿ ಬೊಟ್ಟು.
ಕಾಗದ ಅದನ್ನು ಒಪ್ಪಿಕೊಂಡಿತು, ಮೊದಲ ಸಲಕ್ಕೇ.

ಲಕೋಟೆ ಅಂಟಿಸಿದೆ, ದಿಲ್ಲಿಯ ವಿಳಾಸ ಬರೆದೆ.
ರಿಜಿಸ್ಟರ್ ಮಾಡು ಅಂದಳು ತೇಜಾ, ಇಲ್ಲದಿದ್ದರೆ
ಬರಲೇ ಇಲ್ಲ ಅಂದುಬಿಡುತ್ತಾರೆ.
ಮಾಡಬೇಕು. ಆದರೆ ರಸೀದಿ ಹುಟ್ಟುವುದು ಯಂತ್ರದಲ್ಲಿ.

ಜಾನು ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ
ಮುಂದೆ ಹೊರಟಳು.
ಹೊತ್ತು ಇಳಿಯುತ್ತಿತ್ತು. ಮೋಡ ಇರಲಿಲ್ಲ.